ಮತ್ತೆ ಎಣಿಸಿದರಷ್ಟೇ ಸಾಲದು

ಸಂಪಾದಕರೇ,

ಮತ ಎಣಿಸುವ ಯಂತ್ರ ಎರಡನೇ ಸಲವೂ ಅದೇ ಸಂಖ್ಯೆ ತೋರಿಸಿತು ಎಂದ ಮಾತ್ರಕ್ಕೆ ಫಲಿತಾಂಶ ನಿಖರ ಎನ್ನುವುದು ತಪ್ಪು. ಸೊನ್ನೆಯೇ ಸರಿಯಿಲ್ಲದ ತಕ್ಕಡಿಯನ್ನು ನೋಡಿ. ಹತ್ತು ಸಲ ತೂಗಿದರೂ ಅದು ಒಂದೇ ತೂಕ ಹೇಳುತ್ತದೆ, ಹತ್ತು ಸಲವೂ ತಪ್ಪನ್ನೇ ಹೇಳುತ್ತದೆ. ಒಂದೇ ಉತ್ತರ ಬರುವುದು ಬೇರೆ, ಸರಿಯುತ್ತರ ಬರುವುದು ಬೇರೆ ಅಲ್ವಾ? ಸರಿಯಾದ ತೂಕದ ಕಲ್ಲು ಇಟ್ಟಾಗಲೇ ತಕ್ಕಡಿಯ ದೋಷ ಬಯಲಾಗುವುದು. ಮತದ ಮಟ್ಟಿಗೆ ಆ ಕಲ್ಲು ಎಂದರೆ ತನ್ನ ಮತ ಸರಿಯಾಗಿ ದಾಖಲಾಗಿದೆ ಎಂದು ಮತದಾರ ಕಣ್ಣಾರೆ ನೋಡಿದ ಕಾಗದ.

ಗೆಲುವಿನ ಅಂತರ ದೊಡ್ಡದಿದ್ದರೆ ಸಣ್ಣ ದೋಷದಿಂದ ಏನೂ ಬದಲಾಗದು. ಆದರೆ 2000ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯದ ಸುಮಾರು 60 ಲಕ್ಷ ಮತಗಳಲ್ಲಿ ಅಂತರ ಬರೀ 537. ಹತ್ತು ಸಾವಿರಕ್ಕೆ ಒಂದು ಮತವೂ ಇಲ್ಲ! ಅಲ್ಲಿ ಹಲವೆಡೆ ಕಾರ್ಡಿಗೆ ತೂತು ಹಾಕಿ ಮತ ಕೊಡುತ್ತಿದ್ದರು; ಪೂರ್ತಿ ತೂತಾಗದ ಕಾರ್ಡುಗಳನ್ನು ಹೇಗೆ ಓದಬೇಕು ಎಂಬುದೇ ಅಲ್ಲಿ ದೊಡ್ಡ ಜಗಳವಾಯಿತು. ಅಷ್ಟು ಸಣ್ಣ ಅಂತರವನ್ನು ಅಳೆಯುವ ಶಕ್ತಿ ಆ ಪದ್ಧತಿಗೇ ಇರಲಿಲ್ಲ ಎಂದು ನನಗೆ ಅನಿಸುತ್ತದೆ.

ಯಂತ್ರದಲ್ಲೇ ಮತ್ತೆ ಎಣಿಸಿ ಸುಮ್ಮನಾಗಬಾರದು. ಚೀಟಿ ಎತ್ತಿ ಆರಿಸಿದ ಒಂದಷ್ಟು ಕಾಗದದ ಮತಗಳನ್ನು ಕೈಯಲ್ಲಿ ಎಣಿಸಿ ಹೋಲಿಸಬೇಕು. ಅಂತರ ಕಡಿಮೆಯಾದಷ್ಟೂ ಜಾಸ್ತಿ ಎಣಿಸಬೇಕು. ಕಂಡುಬಂದ ವ್ಯತ್ಯಾಸವನ್ನು ಫಲಿತಾಂಶದ ಜೊತೆಗೇ ಪ್ರಕಟಿಸಬೇಕು.

– ಒಬ್ಬ ಓದುಗ