ಭಾನುವಾರಕ್ಕೆ ಮುಂಚೆ ಒಂದು ಭಾಷಣ ಕೇಳಿ ಬನ್ನಿ
ಗೆಳೆಯರೇ, ಈ ಸಲ ಮಾತಿನ ವರಸೆಗಳ ಬಗ್ಗೆ ಚರ್ಚೆ. ಅಮೆರಿಕದಲ್ಲಿ ಕಪ್ಪು ಜನರ ಸಮಾನ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾಡಿದ ಭಾಷಣವನ್ನು ಎರಡು ಸಲ ಕೇಳಿ. ಮೊದಲು ಸುಮ್ನೆ ಕೇಳಿ. ಆಮೇಲೆ ಪೆನ್ನು ಹಿಡಿದು ಕೂರಿ.

‘ನನಗೊಂದು ಕನಸಿದೆ’ ಎಂಬ ಮಾತು ಮರಳಿ ಬಂದಾಗಲೆಲ್ಲ ಗುರುತು ಹಾಕಿ. ಮಾತು ಅದೇ, ಚಿತ್ರ ಬೇರೆ. ಒಮ್ಮೆ ಜಾರ್ಜಿಯಾದ ಕೆಂಪು ಬೆಟ್ಟಗಳು, ಇನ್ನೊಮ್ಮೆ ಅವರ ನಾಲ್ವರು ಮಕ್ಕಳು. ಅಲ್ಲಿ ನನಗೆ ಈಗಲೂ ಗಂಟಲು ಕಟ್ಟುತ್ತದೆ. ದೇಶದ ಪ್ರಶ್ನೆ ಒಬ್ಬ ಅಪ್ಪನ ಆಸೆಯಾಗಿಬಿಡುತ್ತದೆ, ಅಲ್ವಾ?

ಅದಕ್ಕಿಂತ ಮುಂಚೆ ಬರುವ ಚೆಕ್ಕಿನ ಹೋಲಿಕೆಯನ್ನೂ ಬಿಡಬೇಡಿ. ಸಿಗದ ಹಕ್ಕನ್ನು ಅವರು ಖಾತೆಯಲ್ಲಿ ಹಣವಿಲ್ಲವೆಂದು ವಾಪಸ್ ಬಂದ ಚೆಕ್ ಎನ್ನುತ್ತಾರೆ. ಯಾರಿಗೆ ತಾನೇ ಅರ್ಥವಾಗಲ್ಲ!

ನಿಮ್ಮನ್ನು ಒಪ್ಪಿಸಿದ್ದು ಕಾರಣವೋ, ಲಯವೋ? ಒಂದೇ ಸಾಲು ಬರೆದು ತನ್ನಿ.