ಛಾವಣಿ ತೆರೆದೇ ಪರೀಕ್ಷಿಸಿ

ಮಾನ್ಯರೇ,

ಛಾವಣಿ ತೆರೆಯುವ ಐಷಾರಾಮಿ ಸ್ಪೋರ್ಟ್ಸ್ ಕಾರುಗಳ ವಿಮರ್ಶೆ ಹೆಚ್ಚಾಗಿ ಸೊನ್ನೆಯಿಂದ ನೂರು ಕಿ.ಮೀ. ವೇಗಕ್ಕೆ ಎಷ್ಟು ಸೆಕೆಂಡ್ ಎಂಬಲ್ಲಿಗೇ ಮುಗಿಯುತ್ತಿದೆ. ಇದು ಬೇಸರದ ಸಂಗತಿ. ಗಟ್ಟಿ ಛಾವಣಿ ಇಲ್ಲದಿದ್ದರೆ ಬಾಡಿಯ ಬಿಗಿತ ತಗ್ಗುತ್ತದೆ. ಅದನ್ನು ಸರಿದೂಗಿಸಲು ತಳಕ್ಕೂ ಮುಂಗಾಜಿನ ಚೌಕಟ್ಟಿಗೂ ಬಲ ಕೊಡಬೇಕು, ಆಗ ತೂಕ ಏರುತ್ತದೆ.

ಛಾವಣಿ ತೆರೆದು, ಹದಗೆಟ್ಟ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವಾಗ ಒಳಗಿನ ಕನ್ನಡಿಯತ್ತ ಒಮ್ಮೆ ಕಣ್ಣು ಹಾಯಿಸಿ. ಬಿಂಬ ಕದಡಿದರೆ, ಸ್ಟೀರಿಂಗ್ ಅದುರಿದರೆ ಬಾಡಿ ತಿರುಚಿಕೊಳ್ಳುತ್ತಿದೆ ಎಂದೇ ಅನುಮಾನಿಸಬೇಕು. ಅದೇ ರಸ್ತೆಯಲ್ಲಿ ಛಾವಣಿ ಮುಚ್ಚಿ, ರಸ್ತೆಯ ಕುಲುಕು ತಗ್ಗಿಸುವ ಸಸ್ಪೆನ್ಷನ್ ಅನ್ನು ಮೆದುವಾದ ಕಂಫರ್ಟ್‌ನಲ್ಲೂ ಬಿಗಿಯಾದ ಸ್ಪೋರ್ಟ್‌ನಲ್ಲೂ ಇಟ್ಟು ಓಡಿಸಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಛಾವಣಿ ತೆರೆದಿದ್ದರೂ, ಕಿಟಕಿ ಏರಿಸಿ, ಸೀಟಿನ ಹಿಂದೆ ಗಾಳಿತಡೆ ಹಾಕಿದ ಮೇಲೆ 80 ಕಿ.ಮೀ. ವೇಗದಲ್ಲಿ ದನಿ ಏರಿಸದೆ ಮಾತನಾಡಲು ಆಗಬೇಕು.

ಲೋಹದ ಛಾವಣಿಯೇ ಮೇಲು ಎಂಬ ನಂಬಿಕೆಯೂ ಸರಿಯಲ್ಲ. 2021ರಲ್ಲಿ ಅನಾವರಣಗೊಂಡ ಮರ್ಸಿಡಿಸ್ ಎಸ್‌ಎಲ್ ಬಟ್ಟೆಯ ಛಾವಣಿಗೆ ಮರಳಿ 21 ಕೆ.ಜಿ. ಉಳಿಸಿತು, ಗಂಟೆಗೆ 60 ಕಿ.ಮೀ. ವೇಗದವರೆಗೂ ಅದು ಸುಮಾರು 15 ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ.

ಬಳಸಿದ ಕಾರಾದರೆ ಕಾರ್ಪೆಟ್ ಎತ್ತಿ, ಅದರ ಅಡಿಭಾಗದಲ್ಲಿ ತೇವವಿದೆಯೇ ಎಂದು ಕೈಯಿಂದ ಮುಟ್ಟಿ ನೋಡಲೇಬೇಕು. ಛಾವಣಿಯ ನೀರು ಹರಿದುಹೋಗುವ ರಂಧ್ರಗಳಲ್ಲಿ ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಒಳಗಿಳಿದು ವೈರಿಂಗ್, ಕಂಟ್ರೋಲ್ ಯೂನಿಟ್ ಕೆಡುತ್ತವೆ.

ಸಾಮಾನು ಇಡುವ ಡಿಕ್ಕಿಯ ಜಾಗವನ್ನು ವಿಮರ್ಶಕರು ದಯವಿಟ್ಟು ಛಾವಣಿ ಮಡಚಿ ಒಳಗಿಟ್ಟ ಮೇಲಿನ ಅಳತೆಯೊಂದಿಗೆ ಕೊಡಲಿ. ಛಾವಣಿ ಮುಚ್ಚಿದಾಗಿನ ಲೆಕ್ಕವೊಂದೇ ಸಾಲದು.