ಒಡಕು ದನಿಗೆ ಜಾಗ ಕೊಟ್ಟವರಿಗೆ

ಕಳೆದ ಭಾನುವಾರ ಜಯನಗರದ ಮನೆಯೊಂದರ ಮಹಡಿಯಲ್ಲಿ ಹೆಂಗಸರೇ ಸೇರಿ, ಒಬ್ಬರ ದನಿಗೆ ಒಬ್ಬರು ಕಿವಿಗೊಡುತ್ತಾ ಹಾಡುವ, ನುಡಿಸುವ ನಮ್ಮ ಬಳಗದ ಮೊದಲ ಬಹಿರಂಗ ಕಾರ್ಯಕ್ರಮ ನಡೆಯಿತು. ಬಂದವರು, ಬರಲಾಗದೆ ಹಾರೈಸಿದವರು, ಅರ್ಧಕ್ಕೇ ಎದ್ದು ಹೋದವರು, ಎಲ್ಲರಿಗೂ ನಮಸ್ಕಾರ. ಎದ್ದು ಹೋದವರನ್ನು ಬೇಕೆಂದೇ ಸೇರಿಸಿದ್ದೇನೆ. ರಾಗವಿಲ್ಲ, ತಾಳವಿಲ್ಲ, ಹೊಲಿಗೆ ಯಂತ್ರ ಮುಂದಿಟ್ಟುಕೊಂಡು ಕೂತಿದ್ದಾರೆ ಎಂದು ಬೇಸರಪಟ್ಟವರು ಕೂಡ ಅಷ್ಟು ಹೊತ್ತು ಕಿವಿಗೊಟ್ಟಿದ್ದರು. ಅದೇನು ಕಡಿಮೆ ಉಪಕಾರವೇ?

ನಮ್ಮ ಬಳಗಕ್ಕೆ ಇನ್ನೂ ಹೆಸರಿಲ್ಲ. ಒಬ್ಬರು ವೀಣೆ ನುಡಿಸುತ್ತಾರೆ, ಒಬ್ಬರು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾರೆ, ಒಬ್ಬರು ಮನೆಯಲ್ಲೇ ರವಿಕೆ ಹೊಲಿಯುತ್ತಾರೆ, ಒಬ್ಬಳು ಚಿತ್ರಕಲೆಯ ವಿದ್ಯಾರ್ಥಿನಿ. ನಾನು ಹಾಡುತ್ತಿದ್ದವಳು. ಧ್ವನಿತಂತುಗಳ ಮೇಲೆ ಗಂಟು ಬೆಳೆದು ಶಸ್ತ್ರಚಿಕಿತ್ಸೆಯಾದ ಮೇಲೆ ಮೇಲಿನ ಷಡ್ಜವಿರಲಿ, ಮಧ್ಯಮವೂ ಗಾಳಿಯಾಗಿ ಹೋಯಿತು. ಕಚೇರಿಗಳು ನಿಂತವು. ವಿಚಾರಿಸಿಕೊಳ್ಳುವವರ ಫೋನೂ ಮೆಲ್ಲಗೆ ನಿಂತಿತು.

ಆ ದಿನಗಳಲ್ಲಿ ಕೈ ಹಿಡಿದವರು ಸ್ಪೀಚ್ ಥೆರಪಿಸ್ಟ್. ಲೋಟದ ನೀರಿನಲ್ಲಿ ಸ್ಟ್ರಾ ಇಟ್ಟು, ಗುಳ್ಳೆ ಏಳುವಂತೆ ಊದುತ್ತಾ ಒಂದೇ ಸ್ವರ ಹಿಡಿಯುವ ಅಭ್ಯಾಸ ಕೊಟ್ಟರು. ಹಾಗೆ ಊದುವಾಗ ನೀರಿನ ಒತ್ತಡ ಹಿಂದಕ್ಕೆ ತಳ್ಳುವುದರಿಂದ ತಂತುಗಳು ಒಂದಕ್ಕೊಂದು ಬಡಿಯದೆ ಮೃದುವಾಗಿ ಅದುರುತ್ತವೆ. ಬೆಳಗಾದರೆ ಅಡುಗೆಮನೆಯಲ್ಲಿ ಈ ಬುಳುಬುಳು. ನಮ್ಮ ಅತ್ತೆ, ‘ಮಗು ಹಾಲು ಕುಡಿಯದೆ ಆಟವಾಡುತ್ತಿರುವ ಹಾಗಿದೆ’ ಎಂದು ನಗುತ್ತಿದ್ದರು. ಆದರೆ ನಾನು ಊದಿ ಮುಗಿಸುವವರೆಗೆ ಮಿಕ್ಸಿ ಹಾಕುತ್ತಿರಲಿಲ್ಲ. ಅತ್ತೆಗೂ, ಆ ಥೆರಪಿಸ್ಟ್‌ಗೂ ಮೊದಲ ವಂದನೆ.

ಎರಡನೆಯ ವಂದನೆ ನಾನು ಕಾಣದವರೊಬ್ಬರಿಗೆ. ಪಾಲಿನ್ ಒಲಿವೆರೋಸ್, 1932ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಹುಟ್ಟಿದ ಸಂಯೋಜಕಿ, ಅಕಾರ್ಡಿಯನ್ ವಾದಕಿ. ಮಹಿಳಾ ಸಂಯೋಜಕರನ್ನು ‘ಲೇಡಿ’ ಎಂಬ ಬಾಲಂಗೋಚಿ ಹಚ್ಚಿ ಕರೆಯಬೇಡಿ ಎಂದು 1970ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದವರು. ವಿಯೆಟ್ನಾಂ ಯುದ್ಧದ ಆ ಕಾಲದಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಕಲಿಸುತ್ತಿದ್ದ ಅವರು ವೇದಿಕೆಯಿಂದ ಹಿಂದೆ ಸರಿದು, ದೀರ್ಘ ಸ್ವರಗಳನ್ನು ಹಿಡಿದು ಕೇಳುತ್ತಾ ಕುಳಿತರು. ಹೆಂಗಸರ ಗುಂಪೊಂದನ್ನು ಮನೆಗೆ ಕರೆದು, ಉಸಿರಾಟ ಮತ್ತು ಕೇಳ್ಮೆಯ ಸುತ್ತ ಅಭ್ಯಾಸಗಳನ್ನು ಕಟ್ಟಿದರು. ಸ್ವರಲಿಪಿಯಿಲ್ಲ, ಏನು ಮಾಡಬೇಕೆಂದು ಕೆಲವು ವಾಕ್ಯಗಳಲ್ಲಿ ಬರೆದಿದ್ದಾರೆ, ಅಷ್ಟೇ.

ನನ್ನನ್ನು ಉಳಿಸಿದ್ದು ಅವರ ಶ್ರುತಿ ಸೇರಿಸುವ ಧ್ಯಾನ. ವೃತ್ತಾಕಾರವಾಗಿ ಕೂರಬೇಕು. ಒಂದು ಉಸಿರಿನಲ್ಲಿ ನಿಮಗೆ ತೋಚಿದ ಸ್ವರ ಹಿಡಿಯಬೇಕು. ಮುಂದಿನ ಉಸಿರಿನಲ್ಲಿ ಇನ್ನೊಬ್ಬರ ಸ್ವರವನ್ನು ಹುಡುಕಿ ಅದಕ್ಕೆ ಸರಿಯಾಗಿ ಸೇರಬೇಕು. ಅದರ ಮುಂದಿನದರಲ್ಲಿ ಯಾರೂ ಹಾಡದ ಹೊಸ ಸ್ವರ. ಹೀಗೆ ನಡೆಯುತ್ತಿರುತ್ತದೆ, ತಾನಾಗಿ ನಿಲ್ಲುವವರೆಗೆ. ತಂಬೂರಿಯ ಮುಂದೆ ಬೆಳೆದ ನನಗೆ ಇದು ತಲೆಕೆಳಗಾದ ಲೋಕ. ನಮ್ಮಲ್ಲಿ ಆಧಾರ ಶ್ರುತಿ ಕದಲುವುದಿಲ್ಲ, ಎಲ್ಲರೂ ಅದಕ್ಕೆ ಶರಣು. ಇಲ್ಲಿ ಆಧಾರವೇ ಊರೂರು ತಿರುಗುತ್ತದೆ. ಮೊದಲ ದಿನ ನಾನು ಹಿಡಿದ ಸ್ವರ ಅರ್ಧದಲ್ಲೇ ಒಡೆದು ಗಾಳಿ ಬಂತು. ನಾನು ತಲೆ ತಗ್ಗಿಸುವಷ್ಟರಲ್ಲಿ, ಎದುರಿಗಿದ್ದ ಗಣಿತದ ಮೇಡಂ ಅದೇ ಸ್ವರವನ್ನು, ಅದರ ಗಾಳಿಯ ಸಮೇತ, ಎತ್ತಿಕೊಂಡಿದ್ದರು. ಪಕ್ಕದವರೂ ಸೇರಿದರು. ಕನಿಕರದಿಂದಲ್ಲ, ನಿಯಮವೇ ಹಾಗಿತ್ತು. ಕನಿಕರವಾಗಿದ್ದರೆ ನಾನು ಮರುವಾರ ಹೋಗುತ್ತಿರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಹಿರಿಯರೊಬ್ಬರು, ‘ಎಲ್ಲ ಸರಿ ತಾಯಿ, ಹೆಂಗಸರದೇ ಗುಂಪು ಯಾಕೆ?’ ಎಂದು ಕೇಳಿದರು. ಕಾಫಿಯ ಗದ್ದಲದಲ್ಲಿ ಉತ್ತರ ಅರ್ಧವಾಯಿತು. ಉಳಿದರ್ಧ ಇಲ್ಲಿದೆ.

1977ರಲ್ಲಿ ಲಂಡನ್ನಿನಲ್ಲಿ ಗಾಯಕಿ ಮ್ಯಾಗಿ ನಿಕಲ್ಸ್, ಬಸೂನ್ ಎಂಬ ಉದ್ದನೆಯ ಊದುವಾದ್ಯ ನುಡಿಸುವ ಲಿಂಡ್ಸೆ ಕೂಪರ್ ಸೇರಿ ಒಂದು ಗುಂಪು ಕಟ್ಟಿದರು. ಮೊದಲೇ ಏನನ್ನೂ ಗೊತ್ತುಮಾಡಿಕೊಳ್ಳದೆ ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸುವ ಮುಕ್ತ ಮನೋಧರ್ಮದ ಸಂಗೀತ ಅಲ್ಲಿ ಹುರುಪಿನಲ್ಲಿದ್ದ ಕಾಲ ಅದು. ಎಲ್ಲ ಕಟ್ಟುಗಳನ್ನೂ ಮುರಿದೆವು ಎನ್ನುತ್ತಿದ್ದ ಆ ವೇದಿಕೆಗಳ ಮೇಲೆ ಹೆಂಗಸರು ಮಾತ್ರ ಅಪರೂಪ. ಇವರು ತಮ್ಮನ್ನು ಮಹಿಳೆಯರ ಗುಂಪು ಎಂದುಕೊಂಡಿದ್ದರೆ, ಸಂಘಟಕರು ‘ಫೆಮಿನಿಸ್ಟ್ ಇಂಪ್ರೊವೈಸಿಂಗ್ ಗ್ರೂಪ್’, ಅಂದರೆ ಸ್ತ್ರೀವಾದಿ ಮನೋಧರ್ಮದ ಗುಂಪು, ಎಂದು ಹೆಸರು ಹಾಕಿಬಿಟ್ಟರಂತೆ. ಇರಲಿ ಬಿಡಿ ಎಂದು ಅದನ್ನೇ ಉಳಿಸಿಕೊಂಡರು. ಸೆಲ್ಲೊ ನುಡಿಸುವ ಜಾರ್ಜಿ ಬಾರ್ನ್, ಟ್ರಂಪೆಟ್ಟಿನ ಕೊರೀನ್ ಲೀನ್ಸೊಲ್, ಆಮೇಲೆ ಸ್ವಿಟ್ಜರ್ಲೆಂಡಿನ ಪಿಯಾನೊ ವಾದಕಿ ಇರೇನ್ ಶ್ವೈಟ್ಸರ್ ಬಂದರು. ಪಳಗಿದವರೂ ಹೊಸಬರೂ ಒಟ್ಟಿಗೆ ನುಡಿಸಬೇಕೆಂಬುದು ಅವರ ಪಟ್ಟು. ಪೊರಕೆ, ಪಾತ್ರೆಪಡಗಗಳೂ ವಾದ್ಯಗಳಾಗಿ ವೇದಿಕೆ ಏರಿದವು. ಇವರಿಗೆ ನುಡಿಸಲು ಬರುವುದಿಲ್ಲ ಎಂಬ ಮಾತು ಗಂಡು ವಾದಕರಿಂದ ಬಂತು. ಬಿಡುಗಡೆಯ ಸಂಗೀತಕ್ಕೂ ಪ್ರವೇಶ ಪರೀಕ್ಷೆ ಇಟ್ಟವರ ಬಗ್ಗೆ ನನಗೆ ಈಗಲೂ ನಗು ಬರುತ್ತದೆ. ಲಿಂಡ್ಸೆ ಕೂಪರ್ ಅವರಿಗೆ ನರಮಂಡಲವನ್ನು ಕುಂದಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆ ಬಂದು ನುಡಿಸುವುದೇ ನಿಂತಿತು, 2013ರಲ್ಲಿ ತೀರಿಕೊಂಡರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಲಂಡನ್ನಿನವರೆಗೂ ಯಾಕೆ ಹೋಗಬೇಕು? ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ತಮ್ಮ ಸ್ವಂತ ದುಡ್ಡಿನಿಂದ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಅಲ್ಲಿನ ಆರಾಧನೆಯಲ್ಲಿ ಹಾಡಲು ಹೆಂಗಸರಿಗೆ ಅವಕಾಶವಿರಲಿಲ್ಲ. ಆಕೆ ಹೆಂಗಸರನ್ನು ಕೂಡಿಸಿಕೊಂಡು ಬೇರೆ ಆರಾಧನೆಯನ್ನೇ ನಡೆಸಿದರು. ಬೇರೆ ಬೇರೆಯಾಗಿ ಆರಾಧನೆ ನಡೆಸುತ್ತಿದ್ದ ಬಣಗಳೆಲ್ಲ ಒಂದಾಗಲು 1940ರ ಸುಮಾರಿನವರೆಗೆ ಕಾಯಬೇಕಾಯಿತು. ನಮ್ಮ ಬೆಂಗಳೂರಿನಲ್ಲೇ ಇರುವ ಘಟ ವಿದುಷಿ ಸುಕನ್ಯಾ ರಾಮಗೋಪಾಲ್ ಅವರ ಜೊತೆ ನುಡಿಸಲು ಒಪ್ಪದ ಮೃದಂಗ ವಾದಕರಿದ್ದರು. ಆಕೆ ಬೇರೆ ಬೇರೆ ಶ್ರುತಿಯ ಘಟಗಳನ್ನು ಸಾಲಾಗಿಟ್ಟು ಘಟತರಂಗ ನುಡಿಸಿದರು, ತೊಂಬತ್ತರ ದಶಕದಲ್ಲಿ ಹೆಂಗಸರದೇ ‘ಸ್ತ್ರೀ ತಾಳ್ ತರಂಗ್’ ಕಟ್ಟಿದರು. ಹಿರಿಯರೇ, ಯಾಕೆ ಎಂಬುದನ್ನು ಬಾಗಿಲು ಹಾಕಿದವರನ್ನು ಕೇಳಿ. ಬೀಸುವ ಪದಗಳನ್ನೂ ಈ ಸಾಲಿಗೆ ಸೇರಿಸಿ ಎಂದು ಗೆಳತಿಯೊಬ್ಬಳ ಒತ್ತಾಯವಿತ್ತು. ನನಗೆ ಒಪ್ಪಿಗೆಯಾಗಲಿಲ್ಲ. ಬೀಸುಕಲ್ಲಿನ ಮುಂದೆ ಕೂತವಳಿಗೆ ಎದ್ದು ಹೋಗುವ ಸ್ವಾತಂತ್ರ್ಯವಿರಲಿಲ್ಲ.

ಇನ್ನು ನಮ್ಮವರಿಗೆ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯವರೊಬ್ಬರು ಮೈಕಿನಂತೆ ಬಳಸಬಹುದಾದ, ನಾಣ್ಯದಷ್ಟಗಲದ ಪೀಜೋ ಬಿಲ್ಲೆಗಳನ್ನು ಕೊಟ್ಟಿದ್ದಲ್ಲದೆ, ಬಿಸಿ ಹೆಚ್ಚಾಗಿ ಬಿಲ್ಲೆ ಸುಡದಂತೆ ವೈರ್ ಬೆಸೆಯುವುದನ್ನು ನಮ್ಮ ವಿದ್ಯಾರ್ಥಿನಿಗೆ ಕಲಿಸಿದರು. ಈ ಬಿಲ್ಲೆ ಗಾಳಿಯಲ್ಲಿರುವ ಸದ್ದನ್ನು ಹೆಚ್ಚು ಹಿಡಿಯುವುದಿಲ್ಲ. ಅಂಟಿಸಿದ ವಸ್ತುವಿನ ಅದುರನ್ನು ಹಿಡಿಯುತ್ತದೆ. ಹೊಲಿಗೆ ಯಂತ್ರದ ಕೆಳಗೆ ಟೇಪು ಹಾಕಿ ಅಂಟಿಸಿದಾಗ ಟಕಟಕ ಹಿಂದೆ ಸರಿದು, ಬಾಬಿನ್ ತಿರುಗುವ ಗೊಗ್ಗರು ದನಿ, ಪೆಡಲಿನ ನರಳಿಕೆ, ಸೂಜಿ ದಪ್ಪ ಬಟ್ಟೆಗೆ ತಾಗಿದಾಗಿನ ಗುದ್ದು ಎಲ್ಲವೂ ಸ್ಪೀಕರಿನಲ್ಲಿ ಬಂದವು. ರವಿಕೆ ಹೊಲಿಯುವ ಅಕ್ಕ ತನ್ನದೇ ಯಂತ್ರವನ್ನು ಬೆಕ್ಕಸಬೆರಗಾಗಿ ನೋಡಿದರು. ಆಮೇಲೆ ‘ಎಣ್ಣೆ ಬಿಡಬೇಕಾಗಿದೆ’ ಎಂದರು. ಭಾನುವಾರ ಅವರು ಪೆಡಲ್ ನಿಧಾನಿಸಿದರೆ ವೀಣೆಯೂ ನಿಧಾನವಾಯಿತು. ಯಾರು ಯಾರಿಗೆ ಪಕ್ಕವಾದ್ಯ ಎಂದು ಹೇಳುವಂತಿರಲಿಲ್ಲ. ಮುಗಿದ ಕೂಡಲೇ ಯಂತ್ರವನ್ನು ಆಟೋಗೆ ಹೇರಿಕೊಂಡು ಹೊರಟುಬಿಟ್ಟರು, ಸೋಮವಾರ ಮದುವೆ ಮನೆಯವರ ರವಿಕೆಗಳನ್ನು ಕೊಡಬೇಕಿತ್ತು.

ಮಾತು ಕೊಟ್ಟಿದ್ದ ಸಭಾಂಗಣದವರು ಕೊನೆಗಳಿಗೆಯಲ್ಲಿ ‘ಇದು ಸಂಗೀತವೆಂದು ನಮ್ಮ ಸಮಿತಿಗೆ ಅನ್ನಿಸುತ್ತಿಲ್ಲ’ ಎಂದಾಗ, ಬಾಡಿಗೆ ಕೇಳದೆ ಮಹಡಿ ಬಿಟ್ಟುಕೊಟ್ಟ ದಂಪತಿಗಳಿಗೆ, ಆ ಸಂಜೆ ಬೋರ್‌ವೆಲ್ ಮೋಟಾರು ಹಾಕದೆ ತಡೆದುಕೊಂಡ ಕೆಳಮನೆಯವರಿಗೆ ಋಣಿ.

ಒಂದು ಕೋರಿಕೆಯೂ ಇದೆ. 1988ರಲ್ಲಿ ಒಲಿವೆರೋಸ್ ಇಬ್ಬರು ಸಂಗಾತಿಗಳೊಂದಿಗೆ ವಾಷಿಂಗ್ಟನ್ ರಾಜ್ಯದ ಫೋರ್ಟ್ ವರ್ಡನ್‌ನಲ್ಲಿ ನೆಲದಡಿಯ ಖಾಲಿ ನೀರಿನ ತೊಟ್ಟಿಯೊಂದಕ್ಕೆ ಇಳಿದು ನುಡಿಸಿದ್ದರು. ಒಮ್ಮೆ ಹೊರಟ ಸದ್ದು ಅಲ್ಲಿ ಸುಮಾರು 45 ಸೆಕೆಂಡ್ ಉಳಿಯುತ್ತಿತ್ತು. ನಮಗೆ ಅಷ್ಟು ದೊಡ್ಡದು ಬೇಡ. ಬೆಂಗಳೂರಿನಲ್ಲಿ ನಿಮ್ಮ ಅಪಾರ್ಟ್‌ಮೆಂಟಿನ ಸಂಪು ತೊಳೆಸಲು ಖಾಲಿ ಮಾಡಿಸುವಾಗ ತಿಳಿಸಿ. ಏಣಿ, ಟಾರ್ಚು ನಾವೇ ತರುತ್ತೇವೆ, ಉಜ್ಜುವ ಬ್ರಷ್ ಕೊಟ್ಟರೆ ತೊಳೆದೂ ಕೊಡುತ್ತೇವೆ.